ಈಸೂರಿನದು ಯಾವ ಮೊಕದ್ದಮೆ?

1943ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಶಿಕಾರಿಪುರ ತಾಲೂಕು ಈಸೂರಿನ ಐವರನ್ನು ಗಲ್ಲಿಗೆ ಹಾಕಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಮೈಸೂರು ಸರ್ಕಾರದ ಕಣ್ಣಿನಲ್ಲಿ ಐವರೂ ಕೊಲೆ ಅಪರಾಧಿಗಳು. ಐದು ವರ್ಷ ತುಂಬುವುದರೊಳಗೆ ದೇಶಕ್ಕೆ ಸ್ವಾತಂತ್ರ್ಯ ಬಂತು, ಐವರೂ ಹುತಾತ್ಮರಾದರು. ನಮ್ಮ ಕಡೆಯ ಶಾಲೆಗಳಲ್ಲಿ ಓದಿದವರಿಗೆಲ್ಲ 'ಏಸೂರ ಕೊಟ್ಟರೂ ಈಸೂರ ಕೊಡೆವು' ಎಂಬ ಮಾತು ಬಾಯಿಪಾಠ. ಶಿವಮೊಗ್ಗದ ಸೆಷನ್ಸ್ ಕೋರ್ಟಿನಲ್ಲಿ ಬೇರೆ ಕೊಲೆ ಮೊಕದ್ದಮೆಗಳ ಆರೋಪಿಗಳ ಪರ ನಿಂತು ವಕೀಲಿಕೆ ಮಾಡಿದವನು ನಾನು. ಒಂದೇ ಕೃತ್ಯಕ್ಕೆ ಈ ಎರಡು ಹೆಸರು ಹೇಗೆ ಬಂದವು, ಯಾವುದು ಸರಿ ಎಂಬ ಪ್ರಶ್ನೆ ನನ್ನನ್ನು ಕೋರ್ಟು ಬಿಟ್ಟ ಮೇಲೂ ಬಿಟ್ಟಿಲ್ಲ.

ನಡೆದದ್ದನ್ನು ಮೊದಲು ಹೇಳುತ್ತೇನೆ. 1942ರ ಆಗಸ್ಟ್ 9ರಂದು ಗಾಂಧೀಜಿಯವರ ಬಂಧನವಾಯಿತು. ಸುದ್ದಿ ಮಲೆನಾಡಿನ ಅಂಚಿನ ಊರುಗಳಿಗೂ ಮುಟ್ಟಿತು. ಈಸೂರಿನವರು ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದರು. ಪಟೇಲ ಶಾನುಭೋಗರ ಕೈಯಿಂದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ಊರಿಗೆ ತಮ್ಮದೇ ಸರ್ಕಾರ ಎಂದು ಸಾರಿ, ಜಯಣ್ಣನೆಂಬ ಹುಡುಗನನ್ನು ಅಮಲ್ದಾರನನ್ನಾಗಿ, ಮಲ್ಲಪ್ಪನೆಂಬ ಇನ್ನೊಬ್ಬ ಹುಡುಗನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿ ಮಾಡಿದರು. ಹುಡುಗರಾದರೆ ಜೈಲಿಗೆ ಹಾಕಲು ಬರುವುದಿಲ್ಲ ಎಂಬ ಲೆಕ್ಕಾಚಾರವಿತ್ತೆಂದು ಹೇಳುತ್ತಾರೆ. ಊರೊಳಗೆ ಕಾಲಿಡುವ ಅಧಿಕಾರಿ ಗಾಂಧಿ ಟೋಪಿ ಹಾಕಿಕೊಂಡೇ ಬರಬೇಕೆಂದು ಕಟ್ಟಳೆಯಾಯಿತು. ಸೆಪ್ಟೆಂಬರ್ 28ರಂದು ಅಮಲ್ದಾರ್ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಟೋಪಿ ಹಾಕಿಕೊಳ್ಳಿ ಎಂದು ಜನ ಸುತ್ತುವರಿದರು. ಮಾತಿಗೆ ಮಾತು ಬೆಳೆಯಿತು, ಲಾಠಿ ಎದ್ದಿತು, ಗುಂಡೂ ಹಾರಿತೆನ್ನುತ್ತಾರೆ. ಜನರ ಕೈಗೆ ದೊಣ್ಣೆ ಬಂತು. ಗಲಾಟೆ ತಣ್ಣಗಾಗುವ ಹೊತ್ತಿಗೆ ಅಧಿಕಾರಿಗಳಿಬ್ಬರೂ ಸತ್ತಿದ್ದರು. ಆಮೇಲೆ ಪೊಲೀಸರೂ ಸೈನ್ಯವೂ ಊರಿಗೆ ನುಗ್ಗಿದವು. ಗಂಡಸರು ಕಾಡು ಸೇರಿದರು, ಮನೆಗಳು ಲೂಟಿಯಾದವು. ಮೊಕದ್ದಮೆಯಲ್ಲಿ ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಯಿತು.

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಎರಡು ಪಕ್ಷವಿತ್ತು. ದೊಡ್ಡಪ್ಪ ಮೈಸೂರು ಸರ್ಕಾರದಲ್ಲಿ ಶೇಕ್ದಾರರಾಗಿದ್ದವರು. ಸೋದರಮಾವ ಖಾದಿ ಉಟ್ಟವರು, ಕಾಂಗ್ರೆಸ್ಸಿನವರು. ಹಬ್ಬಕ್ಕೆ ಇಬ್ಬರೂ ಸೇರಿದರೆ ಊಟದ ನಂತರ ಈಸೂರಿನ ಮಾತು ಎದ್ದೇ ಏಳುತ್ತಿತ್ತು.

"ಭಾವ, ಜನ ಎದ್ದದ್ದು ಸರ್ಕಾರದ ಮೇಲೆ. ಚೆನ್ನಕೃಷ್ಣಪ್ಪನವರ ಮೇಲೆ ಯಾರಿಗೂ ಹಗೆಯಿರಲಿಲ್ಲ" ಎಂದು ಮಾವ ಹೇಳುವರು.

"ಸರ್ಕಾರಕ್ಕೆ ಪೆಟ್ಟು ಬೀಳುತ್ತೇನಯ್ಯಾ? ಬಿದ್ದದ್ದು ಅಮಲ್ದಾರರಿಗೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ನೀನು ಇದೇ ಮಾತು ಆಡುತ್ತಿದ್ದೆಯಾ?"

"ನೀವು ಅಲ್ಲಿಗೆ ಹೋಗುತ್ತಿರಲಿಲ್ಲ ಭಾವ."

"ಹೋಗು ಅಂದರೆ ಹೋಗಬೇಕು. ನೌಕರಿ ಅದು."

ದೊಡ್ಡಪ್ಪನ ಆ ಕಡೆಯ ಮಾತಿಗೆ ಮಾವನಲ್ಲಿ ಉತ್ತರವಿರಲಿಲ್ಲ. ಆದರೆ ಅವರು ತಮ್ಮ ನಿಲುವನ್ನು ಬಿಟ್ಟುಕೊಡಲೂ ಇಲ್ಲ. ವಕೀಲನಾದ ಮೇಲೆ ನನಗೆ ತಿಳಿದದ್ದು ಇಷ್ಟು: ಇದೇ ವಾದವನ್ನು ದೊಡ್ಡ ದೊಡ್ಡ ಕೋರ್ಟುಗಳು ಮಾಡಿವೆ, ಸರ್ಕಾರಗಳು ಮಾಡಿವೆ, ಗಾಂಧೀಜಿಯೂ ಮಾಡಿದ್ದಾರೆ.

ಕ್ರಿಮಿನಲ್ ಕೋರ್ಟಿಗೆ ರಾಜಕೀಯ ಬೇಕಿಲ್ಲ. ಸೆಷನ್ಸ್ ಜಡ್ಜರ ಮುಂದೆ ಗುಂಪು ಕೊಲೆಯ ಮೊಕದ್ದಮೆ ಬಂದರೆ ಅವರು ಕೇಳುವುದು ಬೇರೆ: ಐದು ಜನಕ್ಕೆ ಕಡಿಮೆಯಿಲ್ಲದ ಅಕ್ರಮ ಕೂಟ ಇತ್ತೇ, ಅದಕ್ಕೆ ಸಮಾನ ಉದ್ದೇಶವಿತ್ತೇ, ಈ ಆರೋಪಿ ಅದರಲ್ಲಿದ್ದನೇ, ಕೈಯಲ್ಲಿ ಏನಿತ್ತು, ಯಾರು ನೋಡಿದರು, ಎಷ್ಟು ದೂರದಿಂದ ನೋಡಿದರು. 2024ರವರೆಗೆ ಜಾರಿಯಲ್ಲಿದ್ದ ದಂಡಸಂಹಿತೆಯ 149ನೇ ಕಲಂ ಕೂಟದಲ್ಲಿದ್ದವನನ್ನೆಲ್ಲ ಹೊಡೆದವನ ಸಮಕ್ಕೆ ತರುತ್ತಿತ್ತು. ಕೂಟ ಯಾಕೆ ಸೇರಿತ್ತು, ಆ ಊರಿಗೂ ಆ ಠಾಣೆಗೂ ಹತ್ತು ವರ್ಷದಿಂದ ಏನು ನಡೆದಿತ್ತು ಎಂಬುದಕ್ಕೆ ಕಡತದಲ್ಲಿ ಜಾಗ ಕಡಿಮೆ. ಪಾಟೀಸವಾಲಿನಲ್ಲಿ ಅದನ್ನು ಎತ್ತಲು ಹೋದರೆ ಸರ್ಕಾರಿ ವಕೀಲರು ಏಳುತ್ತಾರೆ, ಇದು ಅಪ್ರಸ್ತುತ ಎನ್ನುತ್ತಾರೆ, ಜಡ್ಜರು ತಲೆಯಾಡಿಸುತ್ತಾರೆ. ನಾನಿದನ್ನು ದೂರಾಗಿ ಹೇಳುತ್ತಿಲ್ಲ. ಒಬ್ಬ ಮನುಷ್ಯನ ಕೊರಳಿಗೆ ಹಗ್ಗ ಹಾಕುವ ಮೊದಲು ಅವನೇ ಹೊಡೆದನೇ ಎಂದು ಕೇಳುವುದು ನ್ಯಾಯವೇ. ಆದರೆ ಹಾಗೆ ಕೇಳಿ ಬರೆದ ತೀರ್ಪನ್ನೇ ಇತಿಹಾಸವೆಂದು ಓದಿದರೆ ಅರ್ಧ ಮಾತ್ರ ಕೈಗೆ ಸಿಗುತ್ತದೆ.

ಉತ್ತರ ಪ್ರದೇಶದ ಗೋರಖಪುರ ಜಿಲ್ಲೆಯ ಚೌರಿ ಚೌರಾದ ಮೊಕದ್ದಮೆ ಇದಕ್ಕೆ ಕಣ್ಣ ಮುಂದಿನ ಸಾಕ್ಷಿ. 1922ರ ಫೆಬ್ರವರಿ 4ರಂದು ಅಲ್ಲಿನ ಠಾಣೆಗೆ ಬೆಂಕಿಯಿಟ್ಟು, ದಾರೋಗಾ ಗುಪ್ತೇಶ್ವರ ಸಿಂಗ್ ಸಹಿತ 22 ಪೊಲೀಸರನ್ನು ಕೊಂದರು. 23 ಎನ್ನುವ ಲೆಕ್ಕವೂ ಇದೆ. ಅದಕ್ಕೆ ಮೂರು ದಿನ ಹಿಂದೆ ಪಕ್ಕದ ಮುಂಡೇರಾ ಬಜಾರಿನಲ್ಲಿ ನಡೆದದ್ದನ್ನು ನೋಡಬೇಕು. ಅಸಹಕಾರ ಚಳವಳಿಯ ಸ್ವಯಂಸೇವಕರು ಬಜಾರಿನಲ್ಲಿ ಧರಣಿ ನಡೆಸುತ್ತಿದ್ದರು: ಹೆಂಡ ಮಾರಬೇಡಿ, ಮೀನು ಮಾಂಸಕ್ಕೆ ನ್ಯಾಯದ ಬೆಲೆ ಇಡಿ ಎಂಬುದು ಅವರ ಬೇಡಿಕೆ. ಅವರಲ್ಲಿ ಭಗವಾನ್ ಅಹೀರ್ ಎಂಬವನು ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ ಹೋಗಿ ಬಂದವನು, ಸರ್ಕಾರದ ಪಿಂಚಣಿ ತಿನ್ನುವವನು. ದಾರೋಗಾ ಅವನಿಗೆ ಬಜಾರಿನಲ್ಲೇ ಹೊಡೆದ. ಶನಿವಾರ ಡುಮರಿ ಗ್ರಾಮದಲ್ಲಿ ಜನ ಸೇರಿದರು. ಠಾಣೆಗೆ ಹೋಗಿ, ನಮ್ಮವನಿಗೆ ಯಾಕೆ ಹೊಡೆದಿರಿ ಎಂದು ದಾರೋಗಾನನ್ನು ಕೇಳಬೇಕು, ಆಮೇಲೆ ಬಜಾರಿನ ಧರಣಿಗೆ ಹೋಗಬೇಕು. ಅವರ ನಿರ್ಧಾರ ಅಷ್ಟೇ ಆಗಿತ್ತು. ಮೆರವಣಿಗೆ ಠಾಣೆಯ ಮುಂದೆ ಹಾದಾಗ ಪೊಲೀಸರು ಮೊದಲು ಗಾಳಿಯಲ್ಲಿ ಗುಂಡು ಹಾರಿಸಿದರು. ಯಾರಿಗೂ ತಗಲಲಿಲ್ಲ. ಗಾಂಧಿ ಮಹಾತ್ಮರ ಕೃಪೆಯಿಂದ ಗುಂಡು ನೀರಾಯಿತೆಂದು ಜನ ಕೂಗಿದರು. ಆಮೇಲೆ ಗುಂಡು ಜನರ ಮೇಲೆಯೇ ಬಂತು, ಕೆಲವರು ಬಿದ್ದರು. ರೈಲು ಹಳಿಯ ಜಲ್ಲಿಕಲ್ಲುಗಳು ಠಾಣೆಯ ಕಡೆ ಹಾರಿದವು. ಪೊಲೀಸರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಜಾರಿನಿಂದ ಸೀಮೆಎಣ್ಣೆ ಬಂತು.

ಇದು ಸ್ವರಾಜ್ಯದ ಹೋರಾಟವೇ, ಇಲ್ಲ ದಾರೋಗಾನ ಮೇಲಿನ ಸೇಡೇ? ಗಾಂಧೀಜಿ ಇದನ್ನು ಅಪರಾಧವೆಂದೇ ಕರೆದರು, ಐದು ದಿನ ಉಪವಾಸ ಕೂತರು. ಫೆಬ್ರವರಿ 12ರಂದು ಬಾರ್ಡೋಲಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಚಳವಳಿಯನ್ನೇ ನಿಲ್ಲಿಸಿತು. ಸರ್ಕಾರಕ್ಕೂ ಅದು ಅಪರಾಧವೇ. ಸೆಷನ್ಸ್ ಕೋರ್ಟಿನ ಮುಂದೆ 225 ಆರೋಪಿಗಳು ನಿಂತರು. 1923ರ ಜನವರಿಯಲ್ಲಿ ಜಡ್ಜ್ ಹೋಮ್ಸ್ ಅವರಲ್ಲಿ 172 ಜನಕ್ಕೆ ಮರಣದಂಡನೆ ಬರೆದರು. ವಕೀಲಿಕೆ ಬಿಟ್ಟು ವರ್ಷಗಳಾಗಿದ್ದ ಮದನ ಮೋಹನ ಮಾಳವೀಯರು ಮತ್ತೆ ಕರಿಕೋಟು ತೊಟ್ಟು ಅಲಹಾಬಾದ್ ಹೈಕೋರ್ಟಿನಲ್ಲಿ ವಾದಿಸಿದರು. ಏಪ್ರಿಲ್ 30ರ ತೀರ್ಪಿನಲ್ಲಿ ಗಲ್ಲು 19ಕ್ಕೆ ಇಳಿಯಿತು. ಉಳಿದವರಲ್ಲಿ ಹೆಚ್ಚಿನವರಿಗೆ ಕರಿನೀರಿನ ಶಿಕ್ಷೆ, 38 ಜನರ ಬಿಡುಗಡೆ. ಜುಲೈಯಲ್ಲಿ ಹತ್ತೊಂಬತ್ತೂ ಜನ ಗಲ್ಲಿಗೇರಿದರು.

ಈ ಮೊಕದ್ದಮೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಎರಡು ಸಂಗತಿ. ಸ್ವಯಂಸೇವಕರು ಸಹಿ ಹಾಕಿದ ಪ್ರತಿಜ್ಞಾಪತ್ರಗಳು ಪೊಲೀಸರ ಕೈಗೆ ಸಿಕ್ಕವು. ಅಹಿಂಸೆಯಿಂದ ನಡೆಯುತ್ತೇನೆ, ಖಾದಿ ತೊಡುತ್ತೇನೆ ಎಂದು ಹಳ್ಳಿಯ ರೈತ ಹೆಬ್ಬೆಟ್ಟು ಒತ್ತಿದ ಕಾಗದ ಆರೋಪಿಗಳನ್ನು ಹುಡುಕುವ ಪಟ್ಟಿಯಾಯಿತು. ಆರೋಪಿಯನ್ನು ಗುರುತು ಹಿಡಿಯಲು ಅವನ ರಾಜಕೀಯ ಬೇಕಾಯಿತು, ಅವನ ಕೃತ್ಯವನ್ನು ತೂಗುವಾಗ ಬೇಕಾಗಲಿಲ್ಲ. ಎರಡನೆಯದು, 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಗಾಂಧೀಜಿಯವರ ವಿಚಾರಣೆ ನಡೆಯಿತು. ಚೌರಿ ಚೌರಾದ ಹೊಣೆಯಿಂದ ತಾನು ದೂರ ನಿಲ್ಲಲಾರೆ ಎಂದು ಅವರೇ ಕೋರ್ಟಿನಲ್ಲಿ ಹೇಳಿದರು. ಅವರ ಮೇಲಿದ್ದದ್ದು ರಾಜದ್ರೋಹದ 124ಎ ಕಲಂ, ಆದ ಶಿಕ್ಷೆ ಆರು ವರ್ಷ ಸಾದಾ ಸಜೆ. ಬರೆದು ಮಾತಾಡಿದ ನಾಯಕನಿಗೆ ರಾಜಕೀಯದ ಕಲಂ ಸಿಕ್ಕಿತು, ಆ ನಾಯಕನ ಹೆಸರು ಕೂಗುತ್ತಾ ನಡೆದ ಡುಮರಿಯ ರೈತನಿಗೆ ಬರೀ ಕೊಲೆಯ ಕಲಂ. ಗಾಂಧೀಜಿ ಯಾರನ್ನೂ ಕೊಂದಿರಲಿಲ್ಲ, ಆ ವ್ಯತ್ಯಾಸ ದೊಡ್ಡದು, ಅದನ್ನು ನಾನು ಮರೆಸುವುದಿಲ್ಲ. ಆದರೂ ಓದು ಬರಹ ಬಲ್ಲವನಿಗಷ್ಟೇ ರಾಜಕೀಯ ಉದ್ದೇಶವಿರಬಹುದು, ಹಳ್ಳಿಯವನಿಗೆ ಇರುವುದು ಸಿಟ್ಟು ಮಾತ್ರ ಎಂಬ ನಂಬಿಕೆ ಆ ಕಾಲದ ಆಳುವವರಲ್ಲಿ ಗಟ್ಟಿಯಾಗಿತ್ತು. ಅದು ತಪ್ಪು.

ಯಾಕೆ ತಪ್ಪು ಎಂಬುದನ್ನು ಹೇಳಲು ಇಂಗ್ಲೆಂಡಿಗೆ ಹೋಗಬೇಕು. 1890ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಟಿಚಿನೊ ಪ್ರಾಂತ್ಯದ ಬೆಲ್ಲಿಂಝೋನಾದಲ್ಲಿ ಜನ ದಂಗೆಯೆದ್ದರು. ಶಸ್ತ್ರಾಗಾರ ಹಿಡಿದರು, ಸರ್ಕಾರಿ ಕಟ್ಟಡಕ್ಕೆ ನುಗ್ಗಿದರು. ರೊಸ್ಸಿ ಎಂಬ ಸರ್ಕಾರದ ಸದಸ್ಯನನ್ನು ಆಂಜೆಲೊ ಕಾಸ್ತಿಯೊನಿ ಗುಂಡಿಕ್ಕಿ ಕೊಂದು ಇಂಗ್ಲೆಂಡಿಗೆ ಓಡಿಬಂದ. ಸ್ವಿಸ್ ಸರ್ಕಾರ ಅವನನ್ನು ಕೊಡಿ ಎಂದಿತು. ಇಂಗ್ಲೆಂಡಿನ 1870ರ ಕಾಯಿದೆಯ ಪ್ರಕಾರ ರಾಜಕೀಯ ಸ್ವರೂಪದ ಅಪರಾಧ ಮಾಡಿದವನನ್ನು ಹಸ್ತಾಂತರಿಸುವಂತಿರಲಿಲ್ಲ. ಕೋರ್ಟು ಒಂದು ಅಳತೆ ಹಾಕಿತು: ಆ ಕೊಲೆ ರಾಜಕೀಯ ಗಲಭೆಯ ಭಾಗವಾಗಿ, ಅದರ ಜೊತೆಗೇ ನಡೆಯಿತೇ? ನಡೆಯಿತು, ಆದ್ದರಿಂದ ಕೊಡುವುದಿಲ್ಲ. ಹಸ್ತಾಂತರ ಇಲ್ಲ ಎನ್ನುವುದಕ್ಕೂ ನಿರಪರಾಧಿ ಎನ್ನುವುದಕ್ಕೂ ಅಂತರವಿದೆ, ಕಾನೂನು ಬಲ್ಲವರು ನನ್ನನ್ನು ತಿದ್ದಬೇಕಿಲ್ಲ. ಆ ಪೀಠದಲ್ಲಿದ್ದ ಮೂವರಲ್ಲಿ ಒಬ್ಬರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ನಮ್ಮ 1872ರ ಸಾಕ್ಷ್ಯ ಅಧಿನಿಯಮವನ್ನು ಬರೆದವರು ಅವರೇ. ಚೌರಿ ಚೌರಾದಲ್ಲಿ ಮೀರ್ ಶಿಕಾರಿ ಎಂಬ ಮಾಫಿ ಸಾಕ್ಷಿಯ ಮಾತನ್ನು ಎಷ್ಟು ನಂಬಬೇಕೆಂದು ಜಡ್ಜರು ತೂಗಿದ್ದು ಆ ಅಧಿನಿಯಮದ ಕಲಂಗಳ ಮೇಲೆಯೇ. ಆದರೆ ಲಂಡನ್ನಿನಲ್ಲಿ ಅದೇ ಸ್ಟೀಫನ್ ಹಾಕಿದ ಅಳತೆಗೆ ಗೋರಖಪುರದಲ್ಲಿ ಜಾಗವಿರಲಿಲ್ಲ.

ಕಾಸ್ತಿಯೊನಿಗೆ ಅನುಕೂಲವಾದ ಇನ್ನೊಂದು ಅಂಶವಿತ್ತು. ಅವನು ಹದಿನೇಳು ವರ್ಷ ಇಂಗ್ಲೆಂಡಿನಲ್ಲಿದ್ದವನು, ದಂಗೆಯ ಹಿಂದಿನ ದಿನ ಊರಿಗೆ ಬಂದಿದ್ದ. ರೊಸ್ಸಿಗೂ ಅವನಿಗೂ ಪರಿಚಯವೇ ಇರಲಿಲ್ಲ. ವೈಯಕ್ತಿಕ ದ್ವೇಷವಿಲ್ಲ, ಆದ್ದರಿಂದ ರಾಜಕೀಯ ಎಂಬ ತರ್ಕ ಸಲೀಸಾಗಿ ಕೂತಿತು. ಅಲ್ಲಿಯೇ ನಮ್ಮ ಹಳ್ಳಿಗೆ ಅನ್ಯಾಯವಾಗುವುದು. ಡುಮರಿಯವನಿಗೆ ದಾರೋಗಾನ ಪರಿಚಯವಿಲ್ಲದಿರಲು ಸಾಧ್ಯವೇ? ಈಸೂರಿನವನಿಗೆ ಅಮಲ್ದಾರರು ಯಾರೆಂದು ಗೊತ್ತಿಲ್ಲದಿರಲು ಸಾಧ್ಯವೇ? ಹಳ್ಳಿಗೆ ಸರ್ಕಾರ ಬರುವುದೇ ಒಬ್ಬ ಮನುಷ್ಯನ ರೂಪದಲ್ಲಿ. ಕಂದಾಯದ ಬಾಕಿಗೆ ಎಮ್ಮೆ ಜಪ್ತಿ ಮಾಡುವವನು, ಕಾಡಿನ ಸೌದೆ ಹಿಡಿದು ದಂಡ ಹಾಕುವವನು, ಸಂತೆಯಲ್ಲಿ ಕೆನ್ನೆಗೆ ಬಾರಿಸುವವನು. ಅವನಿಗೆ ಹೆಸರಿದೆ, ಕುದುರೆಯಿದೆ, ಕೈಯಲ್ಲಿ ಬೆತ್ತವಿದೆ. ಅವನ ಮೇಲಿನ ಸಿಟ್ಟು ಬೇರೆ, ಸರ್ಕಾರದ ಮೇಲಿನ ಸಿಟ್ಟು ಬೇರೆ ಎಂದು ಬಿಡಿಸಿ ಇಡುವುದು ದೂರದ ಕಚೇರಿಯಲ್ಲಿ ಕೂತವರಿಗೆ ಸುಲಭ. ಈಸೂರಿನಲ್ಲಂತೂ ಅವರು ಕಂದಾಯ ನಿಲ್ಲಿಸಿದ್ದರು, ಲೆಕ್ಕದ ಪುಸ್ತಕ ಹಿಡಿದಿದ್ದರು, ತಮ್ಮ ಅಮಲ್ದಾರನನ್ನು ತಾವೇ ನೇಮಿಸಿಕೊಂಡಿದ್ದರು. ಊರಿಗೆ ಬಂದ ಅಮಲ್ದಾರರ ತಲೆಗೆ ಟೋಪಿ ಇಡಲು ಹೊರಟದ್ದರ ಅರ್ಥ, ನೀನು ಇನ್ನು ನಮ್ಮ ಸರ್ಕಾರದ ನೌಕರ ಎಂದು. ಇಷ್ಟು ತಿಳಿದ ಮೇಲೂ ಅದನ್ನು ಬರೀ ಕೊಲೆ ಎನ್ನುವುದು ನನ್ನಿಂದಾಗದು.

ಹಾಗೆಂದು ಘೋಷಣೆ ಕೂಗಿ ಕೊಂದವನನ್ನೆಲ್ಲ ರಾಜಕೀಯದವನೆಂದು ಒಪ್ಪಲು ನಾನು ಸಿದ್ಧನಿಲ್ಲ. ಇಂಗ್ಲೆಂಡಿನ ಕೋರ್ಟೇ 1894ರಲ್ಲಿ ಪ್ಯಾರಿಸ್ಸಿನ ಹೋಟೆಲಿಗೆ ಬಾಂಬಿಟ್ಟ ಮ್ಯೂನಿಯೆ ಎಂಬ ಅರಾಜಕತಾವಾದಿಯನ್ನು ಫ್ರಾನ್ಸಿಗೆ ಒಪ್ಪಿಸಿತು. ತಿಂಡಿ ತಿನ್ನಲು ಕೂತವರ ನಡುವೆ ಬಾಂಬು ಸಿಡಿಸುವುದು ಯಾವ ಪಕ್ಷದ ಹೋರಾಟವೂ ಅಲ್ಲವೆಂದಿತು. ಆ ಗೆರೆ ಎಲ್ಲೋ ಒಂದು ಕಡೆ ಬೇಕೇ ಬೇಕು. ನಮ್ಮಲ್ಲೂ ಈ ಗೆರೆಯ ಮೇಲೆ ಸರ್ಕಾರಗಳು ಬಿದ್ದಿವೆ. 1937ರಲ್ಲಿ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ, ಬಾಂಬು ಪಿಸ್ತೂಲಿನ ಮೊಕದ್ದಮೆಗಳಲ್ಲಿ ಜೈಲಿನಲ್ಲಿದ್ದವರು ರಾಜಕೀಯ ಕೈದಿಗಳೇ ಎಂಬ ಪ್ರಶ್ನೆ ಎದ್ದಿತು. ಕಾಕೋರಿ ರೈಲು ದರೋಡೆ ಮೊಕದ್ದಮೆಯವರನ್ನು ಸಂಯುಕ್ತ ಪ್ರಾಂತ್ಯದಲ್ಲಿ ಬಿಟ್ಟರು. ಉಳಿದವರನ್ನೂ ಬಿಡಲು ಹೊರಟಾಗ ಗವರ್ನರುಗಳು ತಡೆದರು. 1938ರ ಫೆಬ್ರವರಿಯಲ್ಲಿ ಸಂಯುಕ್ತ ಪ್ರಾಂತ್ಯದ ಗೋವಿಂದ ವಲ್ಲಭ ಪಂತರ ಮಂತ್ರಿಮಂಡಲವೂ ಬಿಹಾರದ ಶ್ರೀಕೃಷ್ಣ ಸಿನ್ಹರ ಮಂತ್ರಿಮಂಡಲವೂ ರಾಜೀನಾಮೆ ಕೊಟ್ಟವು. ಕೊನೆಗೆ ಒಬ್ಬೊಬ್ಬ ಕೈದಿಯ ಕಡತ ನೋಡಿ ತೀರ್ಮಾನಿಸುವುದೆಂದು ರಾಜಿಯಾಯಿತು, ಮಂತ್ರಿಗಳು ವಾಪಸಾದರು. ಆ ರಾಜಿಯಲ್ಲಿ ಒಂದು ವಿವೇಕವಿದೆ ಎಂದೇ ನನಗನ್ನಿಸುತ್ತದೆ. ಸಾರಾಸಗಟು ಹೌದೂ ಇಲ್ಲ, ಸಾರಾಸಗಟು ಅಲ್ಲವೂ ಇಲ್ಲ, ಕಡತ ತೆಗೆದು ಓದಿ ಎಂದಂತೆ.

ಇಂದು ನಮ್ಮ ಶಿವಮೊಗ್ಗದಲ್ಲಾಗಲಿ, ಘಟ್ಟದ ಕೆಳಗಾಗಲಿ ಒಂದು ಕೊಲೆಯಾದರೆ ಹೆಣ ಶವಾಗಾರ ಸೇರುವ ಮೊದಲೇ ತೀರ್ಮಾನವಾಗಿರುತ್ತದೆ. ಸತ್ತವನ ಕಡೆಯವರು ರಾಜಕೀಯ ಕೊಲೆ ಎನ್ನುತ್ತಾರೆ, ಎದುರಿನವರು ಹಣದ ವ್ಯವಹಾರ, ಹಳೇ ವೈಷಮ್ಯ ಎನ್ನುತ್ತಾರೆ. ಮುಂದಿನ ಕೊಲೆಯಲ್ಲಿ ಸತ್ತವನ ಪಕ್ಷ ಬದಲಾದರೆ ಅದೇ ಬಾಯಿಗಳಿಂದ ಮಾತು ಅದಲುಬದಲಾಗಿ ಬರುತ್ತದೆ. ಮಹಜರು ಬರೆದಿರುವುದಿಲ್ಲ, ಒಬ್ಬ ಸಾಕ್ಷಿಯ ಹೇಳಿಕೆಯೂ ಆಗಿರುವುದಿಲ್ಲ. ಇಂಥ ಮೊಕದ್ದಮೆಗಳಲ್ಲಿ ನಿಂತವನಾಗಿ ಹೇಳುತ್ತೇನೆ, ಎಷ್ಟೋ ಸಲ ಎರಡೂ ನಿಜವಿರುತ್ತದೆ. ಹಳೇ ವೈಷಮ್ಯವಿದ್ದವನ ಕೈಗೆ ಒಂದು ಗುಂಪು, ಒಂದು ಧೈರ್ಯ, ಒಬ್ಬ ಜಾಮೀನುದಾರ ಸಿಕ್ಕಿರುತ್ತಾರೆ. ಈಸೂರಿನ ಜೊತೆ ಇವುಗಳನ್ನು ಒಂದೇ ತಕ್ಕಡಿಯಲ್ಲಿಡುವುದು ಸಲ್ಲ. ಅಲ್ಲಿ ಇಡೀ ಊರು ಬೆಳಕಿನಲ್ಲಿ ನಿಂತು, ಹೀಗೆ ಮಾಡುತ್ತೇವೆಂದು ಮೊದಲೇ ಸಾರಿ, ಮಾಡಿದ್ದಕ್ಕೆ ಬೆಲೆ ತೆತ್ತಿತು.

ಸ್ವತಂತ್ರ ಭಾರತ ತನ್ನ ತೀರ್ಮಾನವನ್ನು ಪಿಂಚಣಿಯ ಮೂಲಕವೂ ಕಲ್ಲಿನ ಮೂಲಕವೂ ಹೇಳಿತು. 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಕೇಂದ್ರದ ಪಿಂಚಣಿ ಬಂದಾಗ ಜೈಲುವಾಸದ ದಾಖಲೆಯೇ ಹಕ್ಕಿನ ಪತ್ರವಾಯಿತು. ಒಂದು ಕಾಲಕ್ಕೆ ಮನೆಯವರು ಅಡಗಿಸಿಟ್ಟ ಕಾಗದ ತಾಲೂಕು ಕಚೇರಿಯ ಮೇಜಿನ ಮೇಲೆ ಬಂತು. ಚೌರಿ ಚೌರಾದಲ್ಲಿ ಸತ್ತ ಪೊಲೀಸರಿಗೆ ಬ್ರಿಟಿಷರು ಕಟ್ಟಿಸಿದ ಸ್ಮಾರಕವೂ ಇದೆ, ಗಲ್ಲಿಗೇರಿದವರಿಗೆ ನಾವು ಕಟ್ಟಿಸಿದ ಸ್ಮಾರಕವೂ ಇದೆ. ಎರಡೂ ಒಂದೇ ಊರಿನಲ್ಲಿ ನಿಂತಿವೆ. ಈಸೂರಿನಲ್ಲಿ ಹುತಾತ್ಮರ ಸ್ಮಾರಕವಿದೆ. ನಾನು ಕೇಳಿದ ಆಗಸ್ಟ್ 15ರ ಭಾಷಣಗಳಲ್ಲಿ ಸತ್ತ ಅಧಿಕಾರಿಗಳ ಹೆಸರು ಬಂದದ್ದು ಅಪರೂಪ. ಬಂದರೂ 'ಬ್ರಿಟಿಷ್ ಅಧಿಕಾರಿಗಳು' ಎಂದು ಬಿಡುತ್ತಾರೆ. ಅವರು ಬ್ರಿಟಿಷರಲ್ಲ. ಮೈಸೂರು ಅರಸರ ಸಂಬಳ ತಿನ್ನುತ್ತಿದ್ದ ಕನ್ನಡದವರು, ನಮ್ಮ ದೊಡ್ಡಪ್ಪನಂಥವರು.

ನನ್ನ ತೀರ್ಮಾನ ಇದು. ಈಸೂರಿನ ಕೃತ್ಯದ ಹಿಂದಿದ್ದ ಉದ್ದೇಶ ರಾಜಕೀಯದ್ದೇ, ಅದರಲ್ಲಿ ಸಂದೇಹವಿಲ್ಲ. ಐವರನ್ನು ಗಲ್ಲಿಗೆ ಹಾಕಿದ್ದು ತಪ್ಪು, ಅಂದಿನ ಮೈಸೂರು ಸರ್ಕಾರ ಆ ಹಗ್ಗವನ್ನು ತಡೆಯಬಹುದಿತ್ತು, ತಡೆಯಬೇಕಿತ್ತು. ಅದೇ ಉಸಿರಿನಲ್ಲಿ ಹೇಳುತ್ತೇನೆ, ಅಂದು ಈಸೂರಿನಲ್ಲಿ ಎರಡು ಕೊಲೆಯಾದವು. ಉದ್ದೇಶ ರಾಜಕೀಯದ್ದಾಗಿತ್ತು ಎಂದ ಮಾತ್ರಕ್ಕೆ ಸತ್ತವರು ಸತ್ತಿಲ್ಲವೆಂದಾಗುವುದಿಲ್ಲ.

ಶಾಲೆಯಲ್ಲಿ ಈಸೂರಿನ ಪಾಠ ಮಾಡುವ ಮೇಷ್ಟ್ರುಗಳಲ್ಲಿ, ಧ್ವಜ ಹಾರಿಸಿ ಭಾಷಣ ಮಾಡುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಐದು ಹೆಸರು ಗೌರವದಿಂದ ಹೇಳಿ. ಹೇಳಿದ ಮೇಲೆ ಅಮಲ್ದಾರ್ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಎಂಬ ಎರಡು ಹೆಸರನ್ನೂ ಹೇಳಿ. ಮಕ್ಕಳು ಯಾಕೆಂದು ಕೇಳಿದರೆ ನಡೆದದ್ದನ್ನು ಪೂರ್ತಿ ಹೇಳಿ.